ಶುಕ್ರವಾರ ಕಾಯುವವರು

ಏಪ್ರಿಲ್ 29, ಮಂಗಳವಾರ

ಸರ್ವರ್ ರೂಮಿನ ಎ.ಸಿ. ಇವತ್ತೂ ಸೋರುತ್ತಿದೆ. ಬಕೆಟ್ ಖಾಲಿ ಮಾಡಿದೆ. ಮುದಿ ಎ.ಸಿ., ಮುದಿ ಸರ್ವರ್, ಮುದುಕನಾಗುತ್ತಿರುವ ನಾನು. ಮ್ಯಾನೇಜರ್ ಜೇಕಬ್ ಸರ್ ಕರೆದರು. "ಟೆರೆನ್ಸ್, ಕ್ಲೌಡ್ ಬಾಡಿಗೆಗೆ ತೆಗೊಳ್ಳುವುದಾ, ನಮ್ಮ ಸರ್ವರೇ ಸಾಕಾ? ನೀವೇ ರಿಪೋರ್ಟ್ ಬರೀರಿ. ಕ್ಲೌಡಿಗೆ ಹೋದರೆ ಐ.ಟಿ.ಗೆ ಒಬ್ಬರೇ ಸಾಕು, ಗೊತ್ತುಂಟಲ್ಲ?"

ಗೊತ್ತುಂಟು. ಇರುವುದೇ ಇಬ್ಬರು, ನಾನು ಮತ್ತು ಸಫ್ವಾನ್. ಅವನು ಕ್ಲೌಡ್ ಕೋರ್ಸ್ ಮಾಡಿದವನು. ನಾನು ಸ್ಕ್ರೂಡ್ರೈವರಿನವನು.

ಮೇ 1, ಗುರುವಾರ

ರಿಪೋರ್ಟ್ ಆಯಿತು. ನಮ್ಮ ಸರ್ವರೇ ಇರಲಿ ಎಂದು ಬರೆದೆ. ನಮ್ಮ ಕಂಪನಿಯ ಮೀನು, ಚಿಕನ್ ಲಾರಿಗಳು ರಜೆಯ ಶುಕ್ರವಾರವೂ ಹೊರಡುತ್ತವೆ; ನಾವಿಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ ಎಂದೂ ಬರೆದೆ. ಸುಳ್ಳಲ್ಲ. ಈ ಅರಬ್ ದೇಶದಲ್ಲಿ ಚರ್ಚೂ ಶುಕ್ರವಾರವೇ; ಬೆಳಗಿನ ಪೂಜೆ ಮುಗಿಸಿ ನಾನು ಬರುತ್ತೇನೆ, ಆಮೇಲೆ ಸಫ್ವಾನ್ ಮಸೀದಿಗೆ, ಜುಮಾ ನಮಾಜಿಗೆ. ಒಬ್ಬನ ಫೋನ್ ಸೈಲೆಂಟ್ ಇದ್ದರೆ ಇನ್ನೊಬ್ಬನದು ಆನ್. ಭಾನುವಾರ ಆಫೀಸು ತೆರೆದಾಗ ರಿಪೋರ್ಟ್ ಕೊಡಬೇಕು.

ಮೇ 2, ಶುಕ್ರವಾರ, ಸಂಜೆ

ಚರ್ಚಿನಲ್ಲಿ ಮೈರಾಳ ಮೊದಲ ಪರಮಪ್ರಸಾದ ಸ್ವೀಕಾರ. ಬಿಳಿ ಗೌನು, ತಲೆಗೆ ಹೂವಿನ ಕಿರೀಟ. ನನ್ನ ಮಗಳಾ ಇವಳು! ಕಣ್ಣು ತುಂಬಿತು. ಅವಳಿಗಾಗಿ ಇವತ್ತು ಬೆಳಗಿನದರ ಬದಲು ಹನ್ನೊಂದರ ಪೂಜೆ, ಜುಮಾ ಹೊತ್ತಿಗೇ; ಇಬ್ಬರ ಫೋನೂ ಸೈಲೆಂಟ್... ಸಫ್ವಾನ್‌ಗೆ ಹೇಳಲು ಮರೆತಿದ್ದೆ. ಹೊರಗೆ ಬಂದು ಫೋನ್ ತೆಗೆದರೆ — ದೇವರೇ. ಎ.ಸಿ. ನಿಂತಿದೆ, ಸರ್ವರ್ ಕಾದು ಬಂದ್ ಆಗಿದೆ, ಬಿಲ್ಲಿಲ್ಲದೆ ಲಾರಿಗಳು ಗೇಟಿನಲ್ಲೇ. ಚರ್ಚಿನಿಂದ ನಾನು, ಕೋಟು ಟೈ ಸಮೇತ. ಮಸೀದಿಯಿಂದ ಸಫ್ವಾನ್. ಬಾಗಿಲು ತೆರೆದು ಫ್ಯಾನ್ ಇಟ್ಟು, ಅಂತೂ ಎಬ್ಬಿಸಿದೆವು.

"ಎಂತ ಟೆರೆನ್ಸಣ್ಣ, ಒಂದು ಮಾತು ಹೇಳಬಾರದಿತ್ತಾ ಮಾರಾಯ್ರೆ?"

ಅಷ್ಟೇ ಅಂದ. ಹೋಗುವಾಗ ಮೈರಾಳಿಗೆಂದು ಚಾಕೊಲೇಟ್ ಡಬ್ಬಿ ಕೊಟ್ಟ. ನಾಚಿಕೆಯಾಯಿತು.

ಮೇ 4, ಭಾನುವಾರ

ಹಳೆ ರಿಪೋರ್ಟ್ ಹರಿದೆ. ಇಬ್ಬರು ಒಟ್ಟಿಗೆ ಪ್ರಾರ್ಥನೆಗೆ ನಿಂತರೆ ನಿಂತುಹೋಗುವ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ. ಕ್ಲೌಡಿಗೆ ಹೋಗಿ ಎಂದು ಬರೆದುಕೊಟ್ಟೆ.

ಜೇಕಬ್ ಸರ್ ಓದಿ, ಕನ್ನಡಕ ತೆಗೆದರು. "ಯಾರನ್ನು ಇಟ್ಟುಕೊಳ್ಳಲಿ? ಅದನ್ನೂ ನೀವೇ ಹೇಳಿ."

"ಸಫ್ವಾನ್."

ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಕೆಲಸ ಹೋದರೆ ವೀಸಾ ಹೋಯಿತು, ಮೈರಾಳ ಶಾಲೆಯೂ ಹೋಯಿತು, ಖಲಾಸ್.

ಮೇ 5, ಸೋಮವಾರ

ನಾನು ಹೇಳಿದ್ದು ಸಫ್ವಾನ್‌ಗೆ ಗೊತ್ತಾಗಿದೆ. ಇವತ್ತು ಬಕೆಟ್ ಅವನೇ ಖಾಲಿ ಮಾಡಿದ.

ಮನೆಗೆ ಬಂದರೆ ಹೆಂಡತಿ ಮ್ಯಾಗ್ಡಲಿನ್ ಸ್ಟೂಲಿನ ಮೇಲೆ. ಹಾಲಿನ ಕಿಟಕಿಗೆ ಹೊಸ ಕರ್ಟನ್ ಬೇಕಂತೆ. "ಟೆರಿ, ಟೇಪಿನ ಆ ತುದಿ ಹಿಡಿ." ಹಿಡಿದೆ. ಬಣ್ಣ ಯಾವುದು ಎಂದು ಕೇಳಿದಳು. ನೀಲಿ ಎಂದೆ. ಈಗ ಬಂಗುಡೆ ಹುರಿಯುತ್ತಿದ್ದಾಳೆ, ಏನೋ ಗುನುಗುತ್ತಿದ್ದಾಳೆ. ಕೆಲಸ ಹೋಗುವ ವಿಷಯ ಊಟಕ್ಕೆ ಮೊದಲೇ ಹೇಳಿಬಿಡಬೇಕು. ಕರ್ಟನ್ ಆರ್ಡರ್ ಮಾಡಬೇಡ ಎಂದು ಶುರು ಮಾಡಿದರೆ... ಇಲ್ಲ, ಮೊದಲು ಅವಳನ್ನು ಕೂರಿಸಿ —