ಬಲಗಡೆಯ ಚಕ್ರ

ಬುಧವಾರ, ಬೆಳಿಗ್ಗೆ

ಮುನಿಸಿಕೊಂಡು ತಮ್ಮನ ಮನೆ ಸೇರಿರುವ ನಮ್ಮ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ, ಕಾರೂ ಚೆನ್ನಾಗಿದೆ. ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ.

ಅವತ್ತು ಕಾರು ಗೇಟಿನ ಕಂಬಕ್ಕೆ ತಾಗಿದಾಗ ಬೀದಿಯವರೆಲ್ಲ ಕೇಳುವ ಹಾಗೆ ಏನಂದಿರಿ, ನೆನಪಿದೆಯೇ? "ಸದಾ ಬ್ರೇಕ್ ಮೇಲೇ ಕಾಲಿಟ್ಕೊಂಡು ಓಡಿಸ್ತೀಯ, ತಿಂದು ಹಾಕಿದೀಯ ಬ್ರೇಕನ್ನ" ಅಂದಿರಿ. ಈ ಹಳೇ ಡಬ್ಬಾ ಮಾರಿಬಿಡೋಣ ಅಂದಿರಿ. ನಾನೂ ಸುಮ್ಮನಿರದೆ, ಕಾರಿನ ಜೊತೆಗೆ ನಿಮ್ಮನ್ನೂ ಕೊಟ್ಟುಬಿಡುತ್ತೇನೆ ಅಂದೆ. ಸಂಜೆ ಬಸ್ಸಿಗೆ ಹೊರಟೇಬಿಟ್ಟಿರಿ.

ಬ್ರೇಕ್ ಒತ್ತಿದಾಗಲೆಲ್ಲ ಕಾರು ಎಡಕ್ಕೆ ಎಳೆಯುತ್ತದೆ ಅಂತ ನಾನು ಬಡಿದುಕೊಂಡಿದ್ದೆ. ನೀವು ಕಿವಿಗೇ ಹಾಕಿಕೊಳ್ಳಲಿಲ್ಲ. ಅದಕ್ಕೆ ಮಾರನೆಯ ದಿನವೇ ಕಾರನ್ನು ಮೂಲೆಯ ಗ್ಯಾರೇಜಿಗೆ ಒಯ್ದೆ. ಹೌದು, ಒಂದು ಬೋಲ್ಟನ್ನೂ ಮುಟ್ಟಿಸಬಾರದು ಅಂತ ಇಷ್ಟು ವರ್ಷ ನೀವು ಯಾರಿಂದ ಕಾರನ್ನು ಕಾಪಾಡಿದ್ದಿರೋ, ಅದೇ ಮೆಕ್ಯಾನಿಕ್ಕಿನ ಹತ್ತಿರ. ಮುಖ ಗಂಟಿಕ್ಕಬೇಡಿ, ಮುಂದೆ ಓದಿ.

ಮುಂದಿನ ಎರಡೂ ಚಕ್ರ ಬಿಚ್ಚಿಸಿ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಎಡಗಡೆ ಬ್ರೇಕ್ ಪ್ಯಾಡುಗಳು ಹೊಸವು, ಗ್ರೀಸ್ ಇನ್ನೂ ಆರಿಲ್ಲ, ಎಲ್ಲ ಚೊಕ್ಕಟ. ನಿಮ್ಮ ಕೈಕೆಲಸ ನನಗೆ ಗೊತ್ತಾಗುವುದಿಲ್ಲವೇ? ಬಲಗಡೆ ನೋಡಿದರೆ, ಅಯ್ಯೋ! ಹಳೆಯ ಪ್ಯಾಡುಗಳೇ. ಒಳಗಡೆಯದು ತಗಡು ಕಾಣುವವರೆಗೆ ಸವೆದಿದೆ, ಹೊರಗಡೆಯದು ದಪ್ಪಗೇ ಇದೆ. ಪ್ಯಾಡುಗಳನ್ನು ಹಿಡಿದುಕೊಳ್ಳುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಬೇಕಂತೆ. ಗ್ರೀಸ್ ಕಾಣದೆ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ. ಹಾಗಾಗಿ ಒಳಗಿನ ಪ್ಯಾಡೊಂದೇ ಉಜ್ಜಿ ಉಜ್ಜಿ ದುಡಿದಿದೆ, ಹೊರಗಿನದು ಆರಾಮಾಗಿ ಕೂತಿದೆ. ಎಡಗಡೆ ಹಿಡಿತ ಗಟ್ಟಿ, ಬಲಗಡೆ ಸಡಿಲ. ಕಾರು ಎಡಕ್ಕೆ ಎಳೆಯದೆ ಇನ್ನೇನು ಮಾಡೀತು? ನನ್ನ ಕಾಲಿನ ತಪ್ಪಾಗಿದ್ದರೆ ಒಳಗಿನದೂ ಹೊರಗಿನದೂ ಒಂದೇ ಸಮ ಸವೆಯಬೇಕಿತ್ತಲ್ಲ, ಕಾಲಿಗೇನು ಒಳಗೆ ಹೊರಗೆ ಅಂತ ಪಕ್ಷಪಾತವೇ?

ಗೆದ್ದೆ ಅಂತ ಬೀಗುತ್ತಲೇ ಮನೆಗೆ ಬಂದೆ. ಚಹಾಕ್ಕೆ ನೀರಿಡುವಾಗ, ನೀವು ಹೊಸ ಪ್ಯಾಡು ಹಾಕಲು ಕೂತಿದ್ದ ಆ ಭಾನುವಾರ ಕಣ್ಣಮುಂದೆ ಬಂತು. ಎಡಚಕ್ರ ಮುಗಿಸಿ ಬಲಚಕ್ರದ ಮುಂದೆ ಕೂತಿದ್ದಿರಿ. ಸ್ಪ್ಯಾನರ್ ಜಾರಿ ಬಿತ್ತು, ಮತ್ತೆ ಬಿತ್ತು. ನಾನು ಕಿಟಕಿಯಿಂದ ಏನಾಯ್ತು ಅಂದರೆ "ಈ ಕಡೆ ಚೆನ್ನಾಗೇ ಇದೆ ಬಿಡು" ಅಂತ ಚಕ್ರ ವಾಪಸ್ ಹಾಕಿಬಿಟ್ಟಿರಿ. ಆಮೇಲೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಿರಿ. ಅಂದಿನಿಂದ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕೋಣೆಯ ಬಾಗಿಲು ಮುಚ್ಚುತ್ತೀರಿ. ಎಲ್ಲಿಗೆ ಹೊರಟರೂ ಕೀಲಿ ನನ್ನ ಕೈಗೆ ಕೊಟ್ಟು "ನೀನೇ ಓಡಿಸು" ಅನ್ನುತ್ತೀರಿ. ನಿಮ್ಮ ಬಲಗೈಯಲ್ಲಿ ಶಕ್ತಿಯಿಲ್ಲ, ಅಲ್ಲವೇನ್ರೀ? ನನ್ನ ಹತ್ತಿರ ಹೇಳಬಾರದಿತ್ತೇ? ಸಿಟ್ಟೂ ಬಂತು, ಅಳುವೂ ಬಂತು. ಅತ್ತು ಮುಗಿಸಿ ಆಸ್ಪತ್ರೆಗೆ ಫೋನ್ ಮಾಡಿದೆ.

ನರಗಳ ಡಾಕ್ಟರು ಬರುವ ಸೋಮವಾರ ಬೆಳಿಗ್ಗೆ ನಿಮ್ಮನ್ನು ನೋಡುತ್ತಾರೆ. ಭಾನುವಾರವೇ ನಾನು ಕಾರು ತೆಗೆದುಕೊಂಡು ಅಲ್ಲಿಗೆ ಬರುತ್ತೇನೆ. ಪಿನ್ನು, ಪ್ಯಾಡು ಎಲ್ಲ ಎರಡೂ ಕಡೆ ಹೊಸದು ಹಾಕಿಸಿದ್ದೇನೆ. ನಿನ್ನೆ ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನೋಡಿದೆ, ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು. ನನಗೇನೂ ಆಗಿಲ್ಲ ಅನ್ನುವ ಮಾತು ಬೇಡವೇ ಬೇಡ. ಬಾಗಿಲು ಹಾಕಿಕೊಂಡು ಒಳಗೆ ಕೂತರೆ ನಾನು ಹೊರಗೆ ಹಾರ್ನ್ ಒತ್ತುತ್ತಲೇ ಇರುತ್ತೇನೆ, ಬೀದಿಯೆಲ್ಲ ಎದ್ದು ಬರಲಿ. ನನ್ನ ಹಠ ನಿಮಗೆ ಗೊತ್ತು. ಮೈದುನನಿಗೆ ನಾನು ಏನೂ ಹೇಳಿಲ್ಲ, ಹೇಳುವುದಿದ್ದರೆ ನೀವೇ ಹೇಳಿ. ಡಾಕ್ಟರು ಏನೇ ಅನ್ನಲಿ, ಇಬ್ಬರೂ ಕೂತು ಕೇಳೋಣ. ಅಲ್ಲಿಯವರೆಗೆ ಗುಂಡಿಯಿಲ್ಲದ ಅಂಗಿ ಹಾಕಿಕೊಳ್ಳಿ, ನಾನು ಬಂದ ಮೇಲೆ ಗುಂಡಿ ನಾನೇ ಹಾಕಿಕೊಡುತ್ತೇನೆ.

ಇಂತಿ,
ಬ್ರೇಕ್ ತಿಂದುಹಾಕುವ ಕಾಲಿನ ನಿಮ್ಮವಳು

ಇನ್ನೊಂದು ಮಾತು: "ಒಂದ್ ಕಡೆ ಮಾತ್ರ ಹೊಸದು ಹಾಕಿ ಇನ್ನೊಂದ್ ಕಡೆ ಹಾಗೇ ಬಿಟ್ಟಿರೋ ಮಹಾನುಭಾವ ಯಾರಮ್ಮಾ?" ಅಂತ ಮೆಕ್ಯಾನಿಕ್ ಗ್ಯಾರೇಜಿನವರೆಲ್ಲರ ಮುಂದೆ ನಕ್ಕ. ಆಗಿನ್ನೂ ನನಗೆ ನಿಮ್ಮ ಕೈಯ ವಿಷಯ ಹೊಳೆದಿರಲಿಲ್ಲ, ಮೈಯೆಲ್ಲ ಸಿಟ್ಟೇ ಇತ್ತು. ಆದರೂ "ನಾನೇ" ಅಂದೆ. ಅವನು ಸಿಕ್ಕರೆ ಬಾಯಿ ಬಿಡಬೇಡಿ.