ನಾಲ್ಕು ಡಿಗ್ರಿ ಹೆಚ್ಚು

ಶಿಡ್ಲಘಟ್ಟ
14 ನವೆಂಬರ್ 2024

ಪ್ರೀತಿಯ ವಿಶಾಲಾಕ್ಷಿ,

ಗೌರಿಬಿದನೂರಿನಿಂದ ನೀನು ಬರೆದ ಕಾಗದ ದಸರೆಗೆ ಮೊದಲೇ ತಲುಪಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ಬೈಯಬೇಡ. ಒಂದು ಕೆಲಸ ಮುಗಿಸಿಯೇ ಬರೆಯಬೇಕೆಂದಿದ್ದೆ. ಸೋಮವಾರ ಅದು ಮುಗಿಯಿತು.

ಭಾನುಪ್ರಕಾಶ್ ನೆನಪಿದ್ದಾನಲ್ಲ, ರೇಷ್ಮೆಹುಳುವಿನ ಸಂಶೋಧನೆ ಎಂದು ನಮ್ಮ ಮನೆಗೆ ಬರುತ್ತಿದ್ದ ಕಾಲೇಜು ಮೇಷ್ಟ್ರು? ಹುಳುಮನೆಯ ಶಾಖವನ್ನು ಹನ್ನೊಂದು ವರ್ಷ ದಿನಕ್ಕೆರಡು ಸಲ ನಾನು ಬರೆದಿಟ್ಟಿದ್ದ ಪುಸ್ತಕವನ್ನು ಒಂದು ವಾರಕ್ಕೆಂದು ಒಯ್ದವನು, ತನ್ನದೆಂದು ಅಚ್ಚು ಹಾಕಿಸಿದ. ಕೇಳಲು ಹೋದರೆ, "ನೀವು ಬರೆದಿದ್ದು ಬರೀ ಅಂಕಿ ಕಣಮ್ಮ. ಅದನ್ನ ಜ್ಞಾನ ಮಾಡಿದ್ದು ನಾನು" ಅಂದ.

ಅವನಿಗೆ ತಿಳಿಯದ ಸಂಗತಿಯೊಂದಿತ್ತು. ಕೊನೆಯ ಮೂರು ವರ್ಷ ನನ್ನ ಥರ್ಮಾಮೀಟರ್ ಕೆಟ್ಟು, ನಾಲ್ಕು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಪುಸ್ತಕ ಕೊಟ್ಟ ಮೇಲೆ ಹೊಸದನ್ನು ತಂದಾಗಲೇ ನನಗೂ ಗೊತ್ತಾದದ್ದು. ಅವನೋ ಆ ಅಂಕಿಗಳನ್ನು ನಂಬಿ, ನಮ್ಮ ಸೀಮೆಯ ಹುಳು ಮೂವತ್ತು ಡಿಗ್ರಿ ತಡೆಯುತ್ತದೆ, ಕೋಣೆ ತಂಪು ಮಾಡಬೇಕಿಲ್ಲ ಎಂದು ರೈತರಿಗೆ ಕಿರುಪುಸ್ತಕವನ್ನೇ ಬರೆದ.

ಸೋಮವಾರ ಚಿಕ್ಕಬಳ್ಳಾಪುರದಲ್ಲಿ ಅವನ ಉಪನ್ಯಾಸ. ಕಣ್ಣಾರೆ ಕಂಡದ್ದೇ ವಿಜ್ಞಾನ ಎಂದು ಒಂದು ಗಂಟೆ ಹೇಳಿದ. ನಾನು ಎದ್ದು ನಿಂತೆ.

"ಸಾರ್, ಆ ಮೂವತ್ತು ಡಿಗ್ರಿ ನೀವೇ ನೋಡಿದ್ರಾ?"

"ನಾನೇ ನೋಡಿದ್ದಮ್ಮ, ಈ ಕಣ್ಣಲ್ಲೇ."

ಆ ಮಾತಿಗಾಗಿಯೇ ಕಾದಿದ್ದೆ. ವೇದಿಕೆಗೆ ಹೋಗಿ, ಹಳೆಯ ಥರ್ಮಾಮೀಟರನ್ನೂ ಹೊಸದನ್ನೂ ಅವನ ಮುಂದಿದ್ದ ನೀರಿನ ಲೋಟಕ್ಕೇ ಇಳಿಬಿಟ್ಟೆ. ಮುಂದಿನ ಸಾಲಿನಲ್ಲಿದ್ದ ಅಕ್ಷಯಾ ಎಂಬ ವಿದ್ಯಾರ್ಥಿನಿಯನ್ನು ಓದಲು ಕರೆದೆ.

"ಇದು ಇಪ್ಪತ್ತೆಂಟು ಮ್ಯಾಮ್. ಇದು ಇಪ್ಪತ್ನಾಲ್ಕು," ಅಂದಳು.

ಇಪ್ಪತ್ತೆಂಟು ತೋರಿಸಿದ ಕೆಟ್ಟದ್ದು ನನ್ನ ಹುಳುಮನೆಯ ಗೋಡೆಯದೆಂದು, ಅವನ ಮೂವತ್ತು ಡಿಗ್ರಿ ಅದರಿಂದಲೇ ಬಂದದ್ದೆಂದು ಹೇಳಿದೆ. ಪುಸ್ತಕ ಕೊಡುವ ಮುನ್ನ ಮಗ ಅಫ್ಜಲ್ ತೆಗೆದಿಟ್ಟಿದ್ದ ಪುಟಗಳ ಫೋಟೊಗಳನ್ನು ಹಂಚಿದೆ. ಭಾನುಪ್ರಕಾಶನ ಮುಖ ಬಿಳಿಚಿಕೊಳ್ಳುವುದನ್ನು ಕಣ್ತುಂಬ ನೋಡಿದೆ ವಿಶಾಲು. ನಿನ್ನೊಂದಿಗೇಕೆ ಸುಳ್ಳು, ಹಬ್ಬದ ಊಟ ಉಂಡಂತಾಯಿತು.

ಹೊರಗೆ ಅವನೇ ಹತ್ತಿರ ಬಂದ. "ಮೊದಲೇ ಹೇಳ್ಬೋದಿತ್ತಲ್ಲಮ್ಮ" ಅಂದ. "ನೀವು ಕೇಳ್ಬೋದಿತ್ತಲ್ಲ" ಅಂದೆ. ಕಾಲೇಜಿನವರು ಕಿರುಪುಸ್ತಕ ವಾಪಸು ತೆಗೆದುಕೊಳ್ಳುತ್ತಾರಂತೆ, ವಿಚಾರಣೆಯೂ ನಡೆಯುತ್ತದಂತೆ.

ನಿನ್ನ ಮೊಣಕಾಲ ನೋವು ಬೇಗ ಇಳಿಯಲಿ. ಮೊಮ್ಮಗ ಗಣೇಶ್ ಪ್ರಸಾದನನ್ನು ಅಲ್ಲಾಹ್ ನೂರು ವರ್ಷ ನಗುನಗುತ್ತಾ ಇಟ್ಟಿರಲಿ.

ನಿನ್ನ
ನೂರುನ್ನೀಸಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕಿರುಪುಸ್ತಕ ಅಚ್ಚಾಗಿ ಎರಡು ವರ್ಷವಾಯಿತು. ಓದಿದ ದಿನವೇ ತಪ್ಪು ನನಗೆ ಗೊತ್ತಿತ್ತು. ಅವನು ನಾಲ್ಕು ಜನರ ಮುಂದೆ 'ನಾನೇ ನೋಡಿದ್ದು' ಅನ್ನಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಈ ಏಪ್ರಿಲ್‌ನಲ್ಲಿ ಸಾದಲಿಯ ತನುಜ ಅದನ್ನು ಓದಿ, ತಂಪಿಗೆಂದು ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುವುದನ್ನು ಬಿಟ್ಟಳು. ಗೂಡು ಕಟ್ಟಬೇಕಾಗಿದ್ದ ಹುಳುಗಳೆಲ್ಲ ತಟ್ಟೆಯಲ್ಲೇ ಕಪ್ಪಾಗಿ ಸತ್ತವು. ನೋಡಲು ಹೋಗಿದ್ದೆ. "ಬುಕ್ಕಲ್ಲಿ ಇದ್ದಂಗೇ ಮಾಡ್ದೆ ಕಣಕ್ಕ. ನಾನೆಲ್ಲಿ ತಪ್ಪು ಮಾಡ್ದೆ?" ಅಂತ ಕೇಳಿದಳು. ಅವಳು ಕೊಟ್ಟ ಟೀ ಕುಡಿಯುತ್ತಾ, "ಗೊತ್ತಿಲ್ಲ ಕಣಮ್ಮ" ಅಂದೆ.