ನಿಮ್ಮ ಬೆನ್ನು ತುಳಿಯಲಾರೆ

ಅಗ್ರಹಾರ, ಮೈಸೂರು
ಭಾನುವಾರ

ಮಾದಪ್ಪ ಮಾವನಿಗೆ ಗಗನಳ ನಮಸ್ಕಾರ.

ನಿನ್ನೆ ಫೋನಿನಲ್ಲಿ, "ನಡುಬೆನ್ನು ಹಿಡ್ಕಂಡದೆ. ನೀನು ಕಾಲು ಮುಂದಾಗಿ ಹುಟ್ದೋಳು, ಬಂದು ಒಂದ್ಸಲ ತುಳಿದ್ಬುಡು ಕಣಮ್ಮ. ನಿಮ್ಮತ್ತೆಗೆ ಮಾತ್ರ ಹೇಳ್ಬೇಡ" ಅಂದಿರಿ. ಅಂಥವರು ತುಳಿದರೆ ನೋವು ಬಿಡುತ್ತದೆ ಅನ್ನುವ ನಂಬಿಕೆಯಲ್ಲಿ ನಮ್ಮೂರು ಇಲವಾಲದ ಎಷ್ಟೋ ಜನ ನನ್ನಿಂದ ಬೆನ್ನು ತುಳಿಸಿಕೊಂಡಿದ್ದಾರೆ. ನಿಮ್ಮದನ್ನು ಮಾತ್ರ ತುಳಿಯಲಾರೆ.

ಮೂಟೆ ಎತ್ತಿ ಹಿಡಿದುಕೊಂಡ ನೋವಾದರೆ ಮಲಗಿದಾಗ ಸ್ವಲ್ಪವಾದರೂ ಇಳಿಯುತ್ತದೆ. ನಿಮ್ಮದು ಮಲಗಿದರೂ ಬಿಡುತ್ತಿಲ್ಲ. ಸಂಜೆಯಾದರೆ ಮೈ ಕಾಯುತ್ತದೆ ಅಂತ ನೀವೇ ಅಂದಿರಿ. ಹಬ್ಬಕ್ಕೆ ನಾನು ಊರಿಗೆ ಬಂದಾಗ ನಿಮ್ಮ ಅಂಗಿ ಭುಜದಿಂದ ಜೋಲುತ್ತಿದ್ದುದನ್ನು ನಾನೇ ನೋಡಿದೆ. ಇಲ್ಲಿನ ಡಾಕ್ಟರಿಗೆ ಇಷ್ಟನ್ನೂ ಹೇಳಿದೆ. "ಬೆನ್ನುಮೂಳೆಗೇ ಸೋಂಕು ತಗುಲಿರಬಹುದು. ತುಳಿದರೆ ಕಾಲಿನ ಸ್ವಾಧೀನವೇ ಹೋದೀತು. ಬೇಗ ಕರ್ಕೊಂಡು ಬನ್ನಿ" ಅಂದರು.

ನಾಳೆ ಬೆಳಗಿನ ಬಸ್ಸಿಗೆ ಬನ್ನಿ. ತೆಂಗಿನಕಾಯಿ ಚೀಲ ಹೊತ್ತು ತರಬೇಡಿ. ಬಸ್ ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ.

ಫೋನಿನಲ್ಲಿ ಹೇಳಿದ್ದರೆ ನೀವೊಬ್ಬರೇ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದಿರಿ. ನಿಮಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವರು ಅತ್ತೆ. ಅದಕ್ಕೇ ಬರೆದು, ಇವತ್ತೇ ಊರಿಗೆ ಹೊರಟ ರಾಜೇಶನ ಕೈಲಿ ಕಳಿಸುತ್ತಿದ್ದೇನೆ.

ಅತ್ತೆ, ಇಲ್ಲಿಯವರೆಗೆ ಓದಿದಿರಲ್ಲ, ಮಾವನ ಜೊತೆ ನೀವೂ ಬನ್ನಿ.

ನಿಮ್ಮಿಬ್ಬರ
ಗಗನ